ನಿಮಗಿದು ಗೊತ್ತೇ? ರಣರಂಗದಿಂದ ಮನೆಗೆ ಬಂದ ಕಾಗದಗಳು

ಸೈನಿಕ ಮನೆಗೆ ಬರೆದ ಕಾಗದವೆಂದರೆ ಅವನಿಗೂ ಮನೆಯವರಿಗೂ ನಡುವಿನ ಗುಟ್ಟು ಎಂದು ನಾವು ಎಣಿಸುತ್ತೇವೆ. ವಾಸ್ತವದಲ್ಲಿ ಹೇಳಿದ್ದನ್ನು ಬರೆದುಕೊಟ್ಟವನೊಬ್ಬ, ಒಡೆದು ಓದಿದವನೊಬ್ಬ, ಹೊತ್ತು ತಂದವನೊಬ್ಬ, ಊರಿನ ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿ ಹೇಳಿದವನು ಮತ್ತೊಬ್ಬ. ಇಷ್ಟು ಜನರ ಕೈದಾಟಿ ಬಂದ ಕಾಗದಗಳ ಬಗ್ಗೆ ಈ ಸಲದ ಅಂಕಣ. ಹೆಚ್ಚಿನ ಸಂಗತಿಗಳು ಮೊದಲ ಮಹಾಯುದ್ಧಕ್ಕೆ ಹೋದ ನಮ್ಮವರವು. ನಡುನಡುವೆ ಬೇರೆ ಕಾಲ, ಬೇರೆ ದೇಶಗಳಿಗೂ ಇಣುಕಿದ್ದೇನೆ.

◆ ಭಾರತೀಯ ಪಡೆಗಳ ಮೊದಲ ತಂಡ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದದ್ದು 1914ರ ಸೆಪ್ಟೆಂಬರ್ 26ರಂದು. ಆರು ತಿಂಗಳಾಗುವಷ್ಟರಲ್ಲಿ, ಅಂದರೆ 1915ರ ಮಾರ್ಚ್ ಹೊತ್ತಿಗೆ, ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳು ವಾರಕ್ಕೆ 10,000ದಿಂದ 20,000 ಕಾಗದ ಬರೆಯುತ್ತಿದ್ದರು. ಅವರಲ್ಲಿ ಬಹಳಷ್ಟು ಮಂದಿಗೆ ಅಕ್ಷರವೇ ಬರುತ್ತಿರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಇನ್ನೊಮ್ಮೆ ಓದಿ.

◆ ಬರೆಯಲು ಬಾರದವರು ಏನು ಮಾಡುತ್ತಿದ್ದರು? ಪಲ್ಟನ್ನಿನಲ್ಲಿ ನಾಲ್ಕಕ್ಷರ ಕಲಿತವನ ಪಕ್ಕದಲ್ಲಿ ಕೂತು ಹೇಳುತ್ತಿದ್ದರು, ಅವನು ಬರೆಯುತ್ತಿದ್ದ. ಊರಿನಲ್ಲೂ ಇದೇ ಕತೆ. ಮೇಷ್ಟರೋ, ಅಂಚೆಯವನೋ, ಓದು ಬಂದ ನೆಂಟನೋ ಓದಿ ಹೇಳಬೇಕು. ಹೆಂಡತಿಗೆ ಒಂದು ಮಾತು ಹೇಳಬೇಕೆಂದರೆ ಈ ಕಡೆ ಒಬ್ಬ ಗಂಡಸಿನ ಕೈಯಿಂದ, ಆ ಕಡೆ ಇನ್ನೊಬ್ಬ ಗಂಡಸಿನ ಬಾಯಿಂದ ದಾಟಿ ಹೋಗಬೇಕು. ಆ ಕಾಲದ ಕಾಗದಗಳಲ್ಲಿ ಯೋಗಕ್ಷೇಮ, ನಮಸ್ಕಾರಗಳ ಸಾಲುಗಳು ಮುಗಿಯದಷ್ಟು ಉದ್ದವಾಗಿ, ಪ್ರೀತಿಯ ಮಾತು ಇಲ್ಲವೇ ಇಲ್ಲವೆನ್ನುವಷ್ಟು ಚಿಕ್ಕದಾಗಿ ಕಂಡರೆ ಅದನ್ನು ಕಲ್ಲುಹೃದಯ ಎನ್ನಬೇಡಿ.

◆ ಈ ಕಾಗದಗಳನ್ನು ಓದಲೆಂದೇ ಬ್ರಿಟಿಷರು ಒಂದು ಕಚೇರಿ ತೆರೆದಿದ್ದರು. ಅದರ ಮೊದಲ ಮುಖ್ಯಸ್ಥ ಇಂಡಿಯನ್ ಸಿವಿಲ್ ಸರ್ವಿಸ್‌ನಿಂದ ಬಂದ ಕ್ಯಾಪ್ಟನ್ ಈವ್ಲಿನ್ ಬರ್ಕ್ಲಿ ಹೊವೆಲ್. ಶುರುವಿನ ಭಯ ಇದ್ದದ್ದು ಬ್ರಿಟಿಷರ ವಿರುದ್ಧ ಬಂಡಾಯಕ್ಕೆ ಕರೆಕೊಟ್ಟಿದ್ದ ಗದರ್ ಪಕ್ಷದ ಪತ್ರಿಕೆ, ಕರಪತ್ರಗಳ ಮೇಲೆ. ಅವು ಟಪಾಲಿನಲ್ಲಿ ನುಸುಳಿ ಸಿಪಾಯಿಗಳ ಕೈಸೇರಿಬಿಟ್ಟರೆ ಎಂಬ ಆತಂಕ. ಆಮೇಲೆ ಸಿಪಾಯಿಗಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದೇ ಮುಖ್ಯ ಕೆಲಸವಾಯಿತು. ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಬೆರಳೆಣಿಕೆಯ ಸಿಬ್ಬಂದಿ ಉರ್ದು, ಹಿಂದಿ, ಗುರುಮುಖಿ, ಮರಾಠಿ ಕಾಗದಗಳನ್ನು ಒಡೆದು ಓದಿ, ಸುಮಾರು ನೂರು ಕಾಗದಗಳ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ, ವಾರದ ವರದಿಗೆ ಲಗತ್ತಿಸಿ ಮೇಲಿನವರಿಗೆ ಕಳಿಸುತ್ತಿತ್ತು.

◆ ಮೂಲ ಕಾಗದಗಳಲ್ಲಿ ಬಹುಪಾಲು ಈಗ ಇಲ್ಲ. ಮಳೆಗೋ, ಗೆದ್ದಲಿಗೋ, ಒಲೆಗೋ ಹೋದವು. ಉಳಿದದ್ದು ಸೆನ್ಸಾರ್ ಕಚೇರಿಯ ಇಂಗ್ಲಿಷ್ ಅನುವಾದ. ಅದು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇತಿಹಾಸಕಾರ ಡೇವಿಡ್ ಒಮಿಸ್ಸಿ ಅದರಿಂದ ಆರುನೂರಕ್ಕೂ ಹೆಚ್ಚು ಕಾಗದಗಳನ್ನು ಆರಿಸಿ 1999ರಲ್ಲಿ ಪುಸ್ತಕ ಮಾಡಿದರು. ಗುಮಾನಿಯಿಂದ ನಕಲು ಮಾಡಿಕೊಂಡವನೇ ಕೊನೆಗೆ ಕಾಪಾಡಿದವನೂ ಆದ! ಪ್ರೀತಿಯಿಂದ ಇಟ್ಟುಕೊಂಡವರ ಮನೆಯಲ್ಲಿ ಉಳಿಯದ್ದು ಅಪನಂಬಿಕೆಯ ಕಡತದಲ್ಲಿ ಉಳಿಯಿತು.

◆ ಹೊವೆಲ್ ಸಾಹೇಬರಿಗೆ ಕವಿತೆ ಕಂಡರೆ ದಿಗಿಲು. ಸಿಪಾಯಿಗಳು ಕಾಗದದ ನಡುವೆ ಪದ್ಯ ಬರೆಯತೊಡಗಿದ್ದಾರೆ, ಇದು ಮನಸ್ಸು ಕದಡಿರುವುದರ ಅಪಶಕುನ ಎಂಬರ್ಥದಲ್ಲಿ ಅವರು 1915ರ ಆರಂಭದ ವರದಿಯೊಂದರಲ್ಲಿ ಬರೆದರು. ಬೇಹುಗಾರಿಕೆಯ ಕಡತಗಳಲ್ಲಿ ಕಾವ್ಯವಿಮರ್ಶೆ ಸಿಗುವುದು ಅಪರೂಪ; ಇಷ್ಟು ನಿಖರವಾದ ವಿಮರ್ಶೆಯಂತೂ ಇನ್ನೂ ಅಪರೂಪ.

◆ ಕಾಗದ ಒಡೆದು ಓದುತ್ತಾರೆಂಬುದು ಸಿಪಾಯಿಗಳಿಗೆ ಬಲುಬೇಗ ತಿಳಿಯಿತು. ಹುಟ್ಟಿಕೊಂಡಿತು ಗುಪ್ತಭಾಷೆ. ಅತ್ಯಂತ ಪ್ರಸಿದ್ಧವಾದದ್ದು ಅಡುಗೆಮನೆಯದು: ಕರಿಮೆಣಸು ಎಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಎಂದರೆ ಬ್ರಿಟಿಷರು. ತಂದಿದ್ದ ಕರಿಮೆಣಸು ಮುಗಿಯುತ್ತ ಬಂತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ, ಆದರೆ ಖಾರವೇನಿದ್ದರೂ ಕರಿಮೆಣಸಿನದೇ ಎಂಬ ಧಾಟಿಯಲ್ಲಿ ಕಾಗದ ಹೋಗುತ್ತಿತ್ತು. ಪದಾತಿದಳದ ಸಾವುನೋವಿನ ಪೂರ್ತಿ ವರದಿ ಅದರಲ್ಲಿತ್ತು. ಇನ್ನು ಕೆಲವರು ಇದನ್ನು ಚೆನ್ನಾಗಿ ಯೋಚಿಸಿ ಓದು ಎಂದು ಕೊನೆಯಲ್ಲಿ ಸೇರಿಸುತ್ತಿದ್ದರು. ಗುಟ್ಟಿನ ಬಾಗಿಲು ಇಲ್ಲಿದೆ ಎಂದು ಬೋರ್ಡು ಹಾಕಿದ ಹಾಗೆ! ಸೆನ್ಸಾರ್‌ನವರಿಗೂ ಇದು ಅರ್ಥವಾಗದೇ ಇರಲಿಲ್ಲ. ಆದರೂ ತಡೆಹಿಡಿದ ಕಾಗದಗಳ ಪ್ರಮಾಣ ಕಡಿಮೆಯೇ. ತಡೆದರೆ ಮುಂದಿನ ಸಲ ಸಿಪಾಯಿ ಬಾಯಿಬಿಡುವುದಿಲ್ಲ, ಆಗ ಕೇಳುವವನಿಗೂ ಕೆಲಸವಿರುವುದಿಲ್ಲ.

◆ ಫಿರಂಗಿಯನ್ನೇ ನೋಡದ ಊರಿನವರಿಗೆ ಈ ಯುದ್ಧವನ್ನು ವಿವರಿಸುವುದು ಹೇಗೆ? ಸಿಪಾಯಿಗಳು ಊರಿನ ಸರಕನ್ನೇ ಬಳಸಿದರು. ಗುಂಡುಗಳು ಮುಂಗಾರು ಮಳೆಯಂತೆ, ಹೆಣಗಳು ಸುಗ್ಗಿಯಲ್ಲಿ ಕೊಯ್ದು ಹಾಕಿದ ಸಿವುಡುಗಳಂತೆ. ಹಿಂದೂಗಳಿಗೆ ಇದು ಮಹಾಭಾರತ, ಪ್ರಳಯ. ಮುಸ್ಲಿಮರಿಗೆ ಕರ್ಬಲಾ, ಕಿಯಾಮತ್. ಯುದ್ಧದ ಬಗ್ಗೆ ಯುರೋಪಿನ ಪಂಡಿತರು ಆಮೇಲೆ ಬರೆದ ಅದೆಷ್ಟೋ ಪುಟಗಳಿಗಿಂತ ಈ ರೈತಮಕ್ಕಳ ಮಾತು ನನಗೆ ಹತ್ತಿರವಾಗಿ ಕಾಣುತ್ತದೆ.

◆ ಬೇರೆಲ್ಲಕ್ಕಿಂತ ಹೆಚ್ಚು ಕಹಿ ತುಂಬಿದ ಕಾಗದಗಳು ಬಂದದ್ದು ಕಂದಕದಿಂದಲ್ಲ, ಆಸ್ಪತ್ರೆಯಿಂದ. ಒಮ್ಮೆ ಗಾಯಗೊಂಡವನನ್ನು ಊರಿಗೆ ಕಳಿಸುತ್ತಾರೆಂದು ಸಿಪಾಯಿಗಳು ನಂಬಿದ್ದರು. ಗಾಯ ಮಾಗಿದ ಕೂಡಲೇ ಮತ್ತೆ ಕಂದಕಕ್ಕೆ ಅಟ್ಟುತ್ತಿದ್ದಾರೆಂದು ತಿಳಿದಾಗ ಅವರಿಗೆ ಮೋಸಹೋದಂತಾಯಿತು. ತಮ್ಮನನ್ನು ಸೇನೆಗೆ ಸೇರಿಸಬೇಡ, ಮಗನನ್ನು ಕಳಿಸಬೇಡ ಎಂಬ ಸಾಲುಗಳು ಹೆಚ್ಚಿದ್ದು ಆಗಲೇ. ಪಂಜಾಬಿನ ಹಳ್ಳಿಗಳಲ್ಲಿ ಅಧಿಕಾರಿಗಳು ಸೈನ್ಯಕ್ಕೆ ಆಳು ಸೇರಿಸಲು ಡಂಗುರ ಹೊಡೆಸುತ್ತಿದ್ದರೆ ಅದೇ ಹಳ್ಳಿಗೆ ಸರ್ಕಾರದ ಅಂಚೆಯೇ ಬರಬೇಡಿ ಎಂಬ ಸುದ್ದಿ ತಲುಪಿಸುತ್ತಿತ್ತು.

◆ ಅಫೀಮು ಕಳಿಸಿ ಎಂಬ ಬೇಡಿಕೆ ಮಾಮೂಲು. ಸಿಹಿತಿಂಡಿ, ಉಪ್ಪಿನಕಾಯಿಗಳ ಜೊತೆ ಅದನ್ನೂ ಹೇಗೋ ಸೇರಿಸಿ ಕಳಿಸಿ ಎಂದು ದಾರಿ ಹೇಳಿಕೊಟ್ಟವರೂ ಇದ್ದಾರೆ. ಅದನ್ನೂ ಸೆನ್ಸಾರ್ ಓದಿದ, ಬರೆದಿಟ್ಟುಕೊಂಡ.

◆ ಯುದ್ಧದ ಬಗ್ಗೆ ಬರೆದಷ್ಟೇ ಆಸೆಯಿಂದ ಅವರು ಫ್ರಾನ್ಸಿನ ಒಕ್ಕಲುತನದ ಬಗ್ಗೆ ಬರೆದರು. ಹಸುಗಳ ಮೈಕಟ್ಟು, ಹೊಲಗಳ ಅಚ್ಚುಕಟ್ಟು, ಗಂಡಸರು ಯುದ್ಧಕ್ಕೆ ಹೋದಮೇಲೆ ನೇಗಿಲು ಹಿಡಿದ ಹೆಂಗಸರು. ಮನೆಯೊಂದರಲ್ಲಿ ಉಳಿದಿದ್ದಾಗ ಅಲ್ಲಿನ ಮುದುಕಿ ಹೆತ್ತಮ್ಮನಂತೆ ನೋಡಿಕೊಂಡಳು ಎಂದು ಬರೆದ ಕಾಗದಗಳು ಹಲವು. ಇಲ್ಲಿನ ಹೆಂಗಸರು ಓದಿದ್ದಾರೆ, ಅಂಗಡಿ ನಡೆಸುತ್ತಾರೆ, ಲೆಕ್ಕ ಇಡುತ್ತಾರೆ, ನೀವೂ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಊರಿಗೆ ಹೇಳಿಕಳಿಸಿದವರಿದ್ದಾರೆ. ಕೊಲ್ಲಲು ಕಳಿಸಿದ ಜನ ಸ್ತ್ರೀಶಿಕ್ಷಣದ ಪ್ರಚಾರಕರಾಗಿಬಿಟ್ಟಿದ್ದು ಯಾವ ಸೇನಾಧಿಕಾರಿಯ ಯೋಜನೆಯಲ್ಲೂ ಇರಲಿಲ್ಲ.

◆ ಇಂಗ್ಲೆಂಡಿನ ಬ್ರೈಟನ್ ನಗರದಲ್ಲಿ ಹಳೆಯ ರಾಜನೊಬ್ಬನ ವಿಲಾಸಕ್ಕೆಂದು ಕಟ್ಟಿದ, ಹೊರಗಿನಿಂದ ಮೊಘಲರ ಅರಮನೆಯಂತೆ ಕಾಣುವ ರಾಯಲ್ ಪೆವಿಲಿಯನ್ ಇದೆ. 1914ರ ಡಿಸೆಂಬರ್‌ನಿಂದ 1916ರ ಆರಂಭದವರೆಗೆ ಅದು ಗಾಯಗೊಂಡ ಭಾರತೀಯ ಸೈನಿಕರ ಆಸ್ಪತ್ರೆ. ಜಾತಿ, ಧರ್ಮ, ಊಟದ ಕಟ್ಟುಪಾಡುಗಳಿಗಾಗಿ ಒಂಬತ್ತು ಅಡುಗೆಮನೆಗಳಿದ್ದವು. ಇದು ಬರಿಯ ಕರುಣೆಯಲ್ಲ, ಲೆಕ್ಕಾಚಾರವೂ ಹೌದು. ಅರಮನೆಯಲ್ಲಿ ಮಲಗಿಸಿ ಆರೈಕೆ ಮಾಡುತ್ತಿದ್ದಾರೆ ಎಂಬ ಸುದ್ದಿ ಹಳ್ಳಿಗಳಿಗೆ ಹೋಗಬೇಕಿತ್ತು. ಅದಕ್ಕಾಗಿ ಚಿತ್ರಗಳ ಪೋಸ್ಟ್‌ಕಾರ್ಡ್‌ಗಳು, ಉರ್ದು ಮತ್ತು ಗುರುಮುಖಿಯಲ್ಲಿ ಅರಮನೆಯ ಚರಿತ್ರೆಯ ಪುಸ್ತಿಕೆಯೂ ಅಚ್ಚಾದವು. ಸಿಪಾಯಿಗಳೂ ಸ್ವರ್ಗವೆಂದರೆ ಇದೇ ಎಂಬಂತೆ ಮನೆಗೆ ಬರೆದರು. ಅದೇ ಊರಿನ ಇನ್ನೊಂದು ಆಸ್ಪತ್ರೆಯಲ್ಲಿ ಕಾವಲು, ಮುಳ್ಳುತಂತಿ, ಹೊರಹೋಗಲು ನಿರ್ಬಂಧ. ಅಲ್ಲಿಂದ ಹೊರಟ ಕಾಗದಗಳಲ್ಲಿ ಜೈಲಿನ ಮಾತು ಬರುತ್ತದೆ.

◆ ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಿನ ಬಳಿಯ ಬೆಟ್ಟದ ಮೇಲೆ ದಹನ ಮಾಡಿದರು. ಅಲ್ಲಿ ನಿಂತ ಛತ್ರಿ ಸ್ಮಾರಕ 1921ರ ಫೆಬ್ರುವರಿ 1ರಂದು ಅನಾವರಣಗೊಂಡಿತು. ಮುಸ್ಲಿಂ ಸೈನಿಕರಿಗೆ ವೋಕಿಂಗ್‌ನ ಶಾಹಜಹಾನ್ ಮಸೀದಿಯ ಬಳಿ ಪ್ರತ್ಯೇಕ ಸ್ಮಶಾನ ಮಾಡಿದರು.

◆ 1914ರ ಕ್ರಿಸ್‌ಮಸ್‌ಗೆ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಪ್ರತಿ ಸೈನಿಕನಿಗೂ ಹಿತ್ತಾಳೆ ಡಬ್ಬಿ ಹಂಚಿದರು. ಬ್ರಿಟಿಷರಿಗೆ ಹೊಗೆಸೊಪ್ಪು, ಸಿಗರೇಟು. ಹೊಗೆಸೊಪ್ಪು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆ ಮತ್ತು ಒಂದು ಡಬ್ಬಿ ಮಸಾಲೆ!

◆ ಫ್ರಾನ್ಸಿನಿಂದ ಬಂದ ಆ ಕಾಗದಗಳಲ್ಲಿ ಕನ್ನಡ ಹುಡುಕಿದರೆ ನಿರಾಸೆ ಸಹಜ. ಅಲ್ಲಿಗೆ ಹೋದ ಪಡೆಗಳು ಬಹುಪಾಲು ಪಂಜಾಬ್, ಗಡ್ವಾಲ್, ನೇಪಾಳ, ರಾಜಪುತಾನ ಮತ್ತು ವಾಯವ್ಯ ಗಡಿಯವು. ನಮ್ಮ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಹೋದದ್ದು ಈಜಿಪ್ಟಿಗೆ. ಸೂಯೆಜ್ ಕಾಲುವೆ ಕಾಯ್ದು, ಪ್ಯಾಲೆಸ್ಟೈನ್ ದಾಟಿ, 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದಿತು. ಮೆಷಿನ್‌ಗನ್ನುಗಳ ಎದುರು ಕುದುರೆ, ಭರ್ಜಿ! ಈ ಪಡೆಗಳ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಉಳಿದಿಬ್ಬರು ಜೋಧಪುರ, ಹೈದರಾಬಾದಿನವರು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೈಸೂರು ಸೀಮೆಯ ಯಾವುದೋ ಮನೆಯ ಟ್ರಂಕಿನಲ್ಲಿ ಈಜಿಪ್ಟಿನ ಮುದ್ರೆಯ ಹಳೆಯ ಲಕೋಟೆ ಕಂಡರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೈಸೂರಿನವರ ಕಾಗದಗಳನ್ನು ನಕಲು ಮಾಡಿಟ್ಟ ಹೊವೆಲ್ ಯಾರೂ ಇರಲಿಲ್ಲ ಎಂದೇ ಇಟ್ಟುಕೊಳ್ಳಿ.

◆ ಮೊಮ್ಮಗನ ಕಾಗದಗಳಿಂದ ಅಜ್ಜಿ ಪುಸ್ತಕ ಬರೆದ ಉದಾಹರಣೆ ಬಂಗಾಳದಲ್ಲಿದೆ. ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿ ಸೇನೆಯ ವೈದ್ಯ. ಇಂದಿನ ಇರಾಕಿನಲ್ಲಿ ಯುದ್ಧಕ್ಕೆ ಹೋಗಿ, ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, 1916ರ ಏಪ್ರಿಲ್ ಕೊನೆಯಲ್ಲಿ ಪಡೆ ಶರಣಾದಾಗ ತುರ್ಕರ ಸೆರೆಯಾಳಾಗಿ, 1917ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಎಂಬತ್ತರ ಆಸುಪಾಸಿನ ಅಜ್ಜಿ ಮೋಕ್ಷದಾ ದೇವಿ ಅವರ ಕಾಗದಗಳನ್ನೆಲ್ಲ ಸೇರಿಸಿ, ಯುದ್ಧದ ಹಿನ್ನೆಲೆಯನ್ನು ತಾವೇ ಓದಿ ತಿಳಿದು, 1928ರಲ್ಲಿ ‘ಕಲ್ಯಾಣ್ ಪ್ರದೀಪ್’ ಪ್ರಕಟಿಸಿದರು. ಆ ಕಾಗದಗಳಲ್ಲಿ ಅಚ್ಚರಿ ಹುಟ್ಟಿಸುವ ಭಾಗವೆಂದರೆ ದೇಶಭಕ್ತಿಯ ಮೇಲಿನ ಅನುಮಾನ. ದೇಶದ ಹೆಸರಿನಲ್ಲಿ ಇನ್ನೊಬ್ಬರ ನೆಲ ಕಸಿಯುವುದು, ಅದಕ್ಕಾಗಿ ರಕ್ತ ಹರಿಸುವುದು ಯಾವ ದೊಡ್ಡತನ ಎಂದು ಮಿಲಿಟರಿ ಕ್ರಾಸ್ ಪದಕ ಪಡೆದ ಅಧಿಕಾರಿ ಕೇಳುತ್ತಾನೆ. ಅವನೂ ಸಾಮ್ರಾಜ್ಯದ ಸಮವಸ್ತ್ರ ತೊಟ್ಟೇ ಕೇಳಿದ ಎಂಬುದನ್ನು ಮರೆಯುವಂತಿಲ್ಲ. ಅಜ್ಜಿ ಆ ಭಾಗವನ್ನು ಕತ್ತರಿಸದೆ ಹಾಗೆಯೇ ಅಚ್ಚುಹಾಕಿಸಿದರು. ಈ ಪುಸ್ತಕವನ್ನು ಅಮಿತಾವ್ ಘೋಷ್ ಮತ್ತೆ ಬೆಳಕಿಗೆ ತರುವವರೆಗೆ ಬಂಗಾಳದ ಹೊರಗೆ ಬಲ್ಲವರೇ ಕಡಿಮೆ.

◆ ಅದೇ ಕೂಟ್ ಮುತ್ತಿಗೆಯಲ್ಲಿ ಮೂರು ಮರಾಠಾ ಪಲ್ಟನ್‌ಗಳೂ ಇದ್ದವು. ಇಂದು ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಿರಿಯರವು.

◆ ಕಾಗದವಲ್ಲದ ಕಾಗದವೂ ಒಂದಿದೆ. ಬರ್ಲಿನ್ ಬಳಿಯ ವುನ್ಸ್‌ಡಾರ್ಫ್‌ನಲ್ಲಿ ಜರ್ಮನರು ಭಾರತೀಯ ಸೆರೆಯಾಳುಗಳನ್ನು ಇಟ್ಟಿದ್ದ ಶಿಬಿರದಲ್ಲಿ ಭಾಷಾವಿದ್ವಾಂಸರು ಅವರ ದನಿಯನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. 1916ರ ಡಿಸೆಂಬರ್‌ನಲ್ಲಿ ಮಲ್ ಸಿಂಗ್ ಎಂಬ ಸಿಪಾಯಿ ಮುದ್ರಣಯಂತ್ರದ ಕೊಳವೆಯೆದುರು ನಿಂತು ಒಬ್ಬಾನೊಬ್ಬ ಮನುಷ್ಯನ ಕತೆ ಹೇಳಿದ. ಆತ ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ, ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕ, ಈಗ ಊರಿಗೆ ಹೋಗಬೇಕೆನ್ನುತ್ತಾನೆ. ತನ್ನದೇ ಕತೆ, ಇನ್ನೊಬ್ಬನದೆಂಬಂತೆ. ವಿದ್ವಾಂಸರಿಗೆ ಬೇಕಾಗಿದ್ದದ್ದು ಪಂಜಾಬಿಯ ಉಚ್ಚಾರ ಮಾತ್ರ. ತಟ್ಟೆ ಇಂದಿಗೂ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಸಂಗ್ರಹದಲ್ಲಿದೆ.

◆ ಬರೆಯುವ ಕಷ್ಟವೇ ಬೇಡವೆಂದು ಬ್ರಿಟಿಷ್ ಸೇನೆ ಅಚ್ಚುಹಾಕಿದ ಕಾರ್ಡು ಹಂಚಿತ್ತು. ನಾನು ಚೆನ್ನಾಗಿದ್ದೇನೆ, ಆಸ್ಪತ್ರೆ ಸೇರಿದ್ದೇನೆ, ನಿಮ್ಮ ಕಾಗದ ತಲುಪಿತು ಎಂಬಂಥ ವಾಕ್ಯಗಳು ಮೊದಲೇ ಇರುತ್ತಿದ್ದವು. ಬೇಡದ್ದನ್ನು ಹೊಡೆದುಹಾಕಿ ಸಹಿ ಮಾಡಬೇಕು. ಒಂದು ಪದ ಹೆಚ್ಚಿಗೆ ಬರೆದರೂ ಕಾರ್ಡು ನಾಶ! ಕವಿ ವಿಲ್ಫ್ರೆಡ್ ಓವನ್ ಇದರಲ್ಲೂ ಕಿಂಡಿ ಹುಡುಕಿದ. ನನ್ನನ್ನು ಹಿಂದಿನ ನೆಲೆಗೆ ಕಳಿಸುತ್ತಿದ್ದಾರೆ ಎಂಬ ವಾಕ್ಯವನ್ನು ಎರಡು ಗೆರೆಗಳಿಂದ ಹೊಡೆದಿದ್ದರೆ ತಾನು ಮುಂಚೂಣಿಯಲ್ಲಿದ್ದೇನೆ ಎಂದರ್ಥ ಎಂದು ತಾಯಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದ.

◆ ಓವನ್ 1918ರ ನವೆಂಬರ್ 4ರಂದು, ಯುದ್ಧ ಮುಗಿಯಲು ಒಂದು ವಾರ ಇದ್ದಾಗ ಸತ್ತ. ಸಾವಿನ ತಂತಿ ಮನೆಗೆ ಬಂದದ್ದು ನವೆಂಬರ್ 11ರಂದು, ಯುದ್ಧ ನಿಂತಿತೆಂದು ಊರಲ್ಲಿ ಗಂಟೆ ಬಾರಿಸುತ್ತಿದ್ದಾಗ. ಇಷ್ಟು ಅನೇಕರಿಗೆ ಗೊತ್ತು. ಅವನ ತಾಯಿ ಸೂಸನ್ 1920ರಲ್ಲಿ ರವೀಂದ್ರನಾಥ ಟ್ಯಾಗೋರರಿಗೆ ಕಾಗದ ಬರೆದದ್ದು ಗೊತ್ತೇ? ಕೊನೆಯ ಸಲ ಮನೆಯಿಂದ ಹೊರಡುವಾಗ ಮಗ ಗೀತಾಂಜಲಿಯ ಸಾಲುಗಳನ್ನು ಹೇಳಿ ಬೀಳ್ಕೊಂಡನಂತೆ. ಆಮೇಲೆ ಹಿಂದಿರುಗಿ ಬಂದ ಅವನ ಜೇಬುಪುಸ್ತಕದಲ್ಲಿ ಅದೇ ಸಾಲುಗಳು, ಕೆಳಗೆ ಟ್ಯಾಗೋರರ ಹೆಸರು. ಆ ಪದ್ಯ ಪೂರ್ತಿ ಯಾವ ಪುಸ್ತಕದಲ್ಲಿದೆ, ದಯವಿಟ್ಟು ತಿಳಿಸುವಿರಾ ಎಂದು ಆಕೆ ಕೇಳಿದ್ದರು.

◆ ಮೊದಲ ಯುದ್ಧದ ಕಾಲದಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನಲ್ಲಿ ಐದು ಎಕರೆಯ ಮರದ ಕಟ್ಟಡವೊಂದು ಎದ್ದಿತ್ತು. ಬರೀ ಸೈನಿಕರ ಟಪಾಲು ವಿಂಗಡಿಸಲು. ಉಚ್ಛ್ರಾಯದಲ್ಲಿ ವಾರಕ್ಕೆ 1 ಕೋಟಿ 20 ಲಕ್ಷ ಕಾಗದಗಳು. ವಿಂಗಡಿಸುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು.

◆ ದೂರು ಮಾತ್ರ ಎರಡು ಸಾವಿರ ವರ್ಷಗಳಿಂದ ಒಂದೇ: ನೀವ್ಯಾಕೆ ಉತ್ತರ ಬರೆಯೋದಿಲ್ಲ? ರೋಮನ್ ಸೇನೆಯಲ್ಲಿದ್ದ ಈಜಿಪ್ಟಿನ ಔರೇಲಿಯಸ್ ಪೋಲಿಯನ್ ಇಂದಿನ ಹಂಗೇರಿಯ ಕಡೆಯಿಂದ, ಸುಮಾರು 1,800 ವರ್ಷಗಳ ಹಿಂದೆ, ರೊಟ್ಟಿ ಮಾರುವ ತಾಯಿಗೂ ಒಡಹುಟ್ಟಿದವರಿಗೂ ಬರೆದ ಕಾಗದದಲ್ಲಿ ಇದೇ ಅಳಲು. ಆರು ಕಾಗದ ಬರೆದೆ, ಒಂದಕ್ಕೂ ಜವಾಬಿಲ್ಲ, ರಜೆ ಕೇಳಿ ನಾನೇ ಬರುತ್ತೇನೆ ಎನ್ನುತ್ತಾನೆ. 1899ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ ಈ ಪಪೈರಸ್ ಚೂರನ್ನು ಪೂರ್ತಿ ಓದಲು ಸಾಧ್ಯವಾದದ್ದು ತೀರಾ ಈಚೆಗೆ, ಈ ಶತಮಾನದಲ್ಲಿ.

◆ ಎರಡನೇ ಶತಮಾನದ ಇನ್ನೊಬ್ಬ ಈಜಿಪ್ಟ್ ಹುಡುಗ ಏಪಿಯನ್. ಸೇನೆ ಸೇರಿ, ಸಮುದ್ರದ ಗಂಡಾಂತರ ದಾಟಿ ಇಟಲಿ ತಲುಪಿದ ಕೂಡಲೇ ತಂದೆಗೆ ಬರೆದ: ದೇವರು ಕಾಪಾಡಿದ, ದಾರಿಖರ್ಚಿಗೆ ಮೂರು ಚಿನ್ನದ ನಾಣ್ಯ ಕೊಟ್ಟರು, ಹೊಸ ರೋಮನ್ ಹೆಸರಿಟ್ಟರು, ನನ್ನ ಚಿತ್ರ ಬರೆಸಿ ಕಳಿಸಿದ್ದೇನೆ. ಸಂಬಳ, ಯೂನಿಫಾರ್ಮು, ಫೋಟೊ. ಟ್ರೈನಿಂಗ್ ಸೆಂಟರಿನಿಂದ ಬರುವ ಮೊದಲ ಕಾಗದದಲ್ಲಿ ಇಂದಿಗೂ ಇನ್ನೇನಿರುತ್ತದೆ?

◆ ಬ್ರಿಟನ್ನಿನ ವಿಂಡೊಲಾಂಡಾ ಎಂಬ ರೋಮನ್ ಕೋಟೆಯಲ್ಲಿ 1973ರಿಂದ ಸಿಕ್ಕುತ್ತಿರುವ ತೆಳು ಮರದ ಹಲಗೆಯ ಕಾಗದಗಳಲ್ಲಿ ಒಂದು, ಚಳಿಯಲ್ಲಿದ್ದವನಿಗೆ ಕಳಿಸಿದ ಕಾಲುಚೀಲ, ಚಪ್ಪಲಿ, ಒಳಚಡ್ಡಿಗಳ ಪಟ್ಟಿ.

◆ ಅಮೆರಿಕದ ಅಂತರ್ಯುದ್ಧದ ಅತ್ಯಂತ ಹೆಸರಾದ ಕಾಗದ ಸಲಿವನ್ ಬಲೂ ಎಂಬ ಮೇಜರ್ 1861ರ ಜುಲೈ 14ರಂದು ಹೆಂಡತಿಗೆ ಬರೆದದ್ದು. ಅದನ್ನು ಅಂಚೆಗೆ ಹಾಕಿರಲೇ ಇಲ್ಲ. ವಾರದ ನಂತರದ ಕದನದಲ್ಲಿ ಗಾಯಗೊಂಡು ಸತ್ತಮೇಲೆ ಅವನ ಸಾಮಾನಿನಲ್ಲಿ ಸಿಕ್ಕಿತು. ಮೂಲ ಪ್ರತಿ ಈಗಿಲ್ಲ, ನಕಲುಗಳಷ್ಟೇ ಉಳಿದಿವೆ.

◆ ಎರಡನೇ ಯುದ್ಧದಲ್ಲಿ ಟಪಾಲಿನ ತೂಕವೇ ಸಮಸ್ಯೆ. ಪರಿಹಾರ ಏರ್‌ಗ್ರಾಫ್. ಕಾಗದದ ಫೋಟೊ ತೆಗೆದು, ಫಿಲ್ಮ್ ಮಾತ್ರ ವಿಮಾನದಲ್ಲಿ ಕಳಿಸಿ, ಆ ಕಡೆ ಮತ್ತೆ ಅಚ್ಚುಹಾಕಿ ಮನೆಗೆ ಮುಟ್ಟಿಸುವುದು. ಸುಮಾರು 23 ಕಿಲೊ ತೂಗುವ 1,600 ಕಾಗದಗಳು 140 ಗ್ರಾಂ ಫಿಲ್ಮಿನಲ್ಲಿ ಅಡಗುತ್ತಿದ್ದವು. 1941ರಲ್ಲಿ ಕೈರೋದಿಂದ ಶುರುವಾಯಿತು. ಮಗನ ಕೈಬರಹ ಬಂತು, ಅವನು ಮುಟ್ಟಿದ ಹಾಳೆ ಬರಲಿಲ್ಲ.

◆ ಸೋವಿಯತ್ ಸೈನಿಕರಿಗೆ ಲಕೋಟೆಯೂ ಇಲ್ಲ, ಸ್ಟಾಂಪೂ ಬೇಡ. ಹಾಳೆಯನ್ನೇ ತ್ರಿಕೋನವಾಗಿ ಮಡಚಿ ಮೇಲೆ ವಿಳಾಸ ಬರೆದರಾಯಿತು. ಅಂಟಿಸದ ಕಾರಣ ಸೆನ್ಸಾರ್‌ಗೂ ಸಲೀಸು. ಸಾವಿನ ಸುದ್ದಿ ಬರುತ್ತಿದ್ದದ್ದು ಸರ್ಕಾರಿ ಅಚ್ಚು ನಮೂನೆಯಲ್ಲಿ. ಹಾಗಾಗಿ ಅಂಚೆಯವಳ ಕೈಯಲ್ಲಿ ತ್ರಿಕೋನ ಕಂಡರೆ ಸಾಕು, ಓದುವ ಮೊದಲೇ ಮನೆಯವರಿಗೆ ಜೀವ ಬರುತ್ತಿತ್ತು.

◆ ಸ್ಟಾಲಿನ್‌ಗ್ರಾಡಿನಲ್ಲಿ ಸಿಕ್ಕಿಬಿದ್ದ ಜರ್ಮನ್ ಸೈನಿಕರ ಕೊನೆಯ ಕಾಗದಗಳು ಎಂದು 1950ರಲ್ಲಿ ಬಂದ ಪುಸ್ತಕ ಜಗತ್ತಿನಾದ್ಯಂತ ಓದುಗರನ್ನು ಅಳಿಸಿತು. ಅವು ನಿಜವಾದ ಕಾಗದಗಳಲ್ಲ, ಯಾರೋ ಕೂತು ಬರೆದವು ಎಂಬುದೇ ಇಂದು ಸಂಶೋಧಕರಲ್ಲಿ ಹೆಚ್ಚಿನವರ ಅಭಿಪ್ರಾಯ. ಸಂಶಯಕ್ಕೆ ಒಂದು ಕಾರಣ, ಅವು ತೀರಾ ಚೆನ್ನಾಗಿವೆ. ನಿಜವಾದ ಸೈನಿಕ ಕಾಲುಚೀಲ ಕೇಳುತ್ತಾನೆ.

◆ 1945ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗೋದಾಮುಗಳಲ್ಲಿ ಅಮೆರಿಕನ್ ಸೈನಿಕರ 1 ಕೋಟಿ 70 ಲಕ್ಷದಷ್ಟು ಟಪಾಲು ಕೊಳೆಯುತ್ತಿತ್ತು. ವಿಳಾಸ ಅರ್ಧಂಬರ್ಧ, ಪಡೆಗಳು ದಿನಕ್ಕೊಂದು ಕಡೆ, ಇಲಿಗಳು ಬೇರೆ. ಕರೆತಂದದ್ದು 855 ಮಂದಿಯ 6888ನೇ ಬೆಟಾಲಿಯನ್ನನ್ನು. ಬಹುತೇಕ ಎಲ್ಲರೂ ಕಪ್ಪು ಮಹಿಳೆಯರು, ನಾಯಕಿ ಮೇಜರ್ ಚಾರಿಟಿ ಆಡಮ್ಸ್. ರಾಬರ್ಟ್ ಸ್ಮಿತ್ ಎಂಬ ಹೆಸರಿನವರೇ 7,500 ಜನ ಇದ್ದರಂತೆ! ಒಬ್ಬೊಬ್ಬರನ್ನೂ ಸೈನಿಕ ಸಂಖ್ಯೆಯಿಂದ ಗುರುತಿಸಿ, ಆರು ತಿಂಗಳ ಗಡುವಿನ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಮನ್ನಣೆಗೆ ಮಾತ್ರ ಅಮೆರಿಕ ಅವಸರ ಮಾಡಲಿಲ್ಲ: ಕಾಂಗ್ರೆಸ್ಸಿನ ಚಿನ್ನದ ಪದಕ ಘೋಷಣೆಯಾದದ್ದು 2022ರಲ್ಲಿ.

◆ ಯುದ್ಧಕ್ಕೆ ಹೋದವನ ಬಗ್ಗೆ ಮನೆಯವರು ಚಿಂತಿಸುವುದು ಲೋಕರೂಢಿ. 1943ರಲ್ಲಿ ಅದು ತಿರುಗುಮುರುಗಾಯಿತು. ಮಧ್ಯಪ್ರಾಚ್ಯದ ಶಿಬಿರಗಳಲ್ಲಿದ್ದ ಭಾರತೀಯ ಸೈನಿಕನಿಗೆ ಮೂರು ಹೊತ್ತಿನ ರೇಷನ್ ಇತ್ತು. ಊರಿನಿಂದ ಬಂದ ಕಾಗದದಲ್ಲಿ ಅಕ್ಕಿಯ ಬೆಲೆ, ಹಸಿವು, ಸಾವು. ಬಂಗಾಳದ ಬರಗಾಲದ ಸುದ್ದಿಯನ್ನು ಪತ್ರಿಕೆಗಳಲ್ಲಿ ಅದುಮಲು ನೋಡಿದ ಸರ್ಕಾರಕ್ಕೆ ಟಪಾಲನ್ನು ಪೂರ್ತಿ ಅದುಮಲು ಆಗಲಿಲ್ಲ. ಕಳಿಸಿದ ಹಣದಿಂದ ಮನೆಯವರಿಗೆ ಧಾನ್ಯ ಸಿಗುತ್ತಿಲ್ಲವೆಂಬ ಸಂಕಟ ಸೈನಿಕರ ಉತ್ತರಗಳಲ್ಲಿ ತುಂಬಿತ್ತು. ಸೆನ್ಸಾರ್ ವರದಿಗಳು ಅದನ್ನೂ ದಾಖಲಿಸಿವೆ. ಇಲ್ಲೂ ಮತ್ತೆ ಕದ್ದು ಓದಿದವನೇ ನಮ್ಮ ಸಾಕ್ಷಿ.

◆ ಅದೇ ಕಾಲದಲ್ಲಿ ಬೆಂಗಳೂರಿನಿಂದ ಇಟಲಿಗೆ ಸೈನಿಕರ ಕಾಗದಗಳು ಹೋಗುತ್ತಿದ್ದವು. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು 1941ರಿಂದ ಬೆಂಗಳೂರಿನ ಸುತ್ತಮುತ್ತಲ ಶಿಬಿರಗಳಲ್ಲಿ ಇಟ್ಟಿದ್ದರು. 1929ರ ಜಿನೀವಾ ಒಪ್ಪಂದದ ಪ್ರಕಾರ ಶಿಬಿರ ಸೇರಿದ ಒಂದು ವಾರದೊಳಗೆ ಸೆರೆಯಾಳು ಮನೆಗೆ ಕಾರ್ಡು ಬರೆಯಲು ಬಿಡಬೇಕು, ಅವನ ಟಪಾಲಿಗೆ ಅಂಚೆವೆಚ್ಚ ವಿಧಿಸುವಂತಿಲ್ಲ. ಬೆಂಗಳೂರು ಎಂಬ ಊರಿನ ಹೆಸರು ಸಿಸಿಲಿಯ ಹಳ್ಳಿಗಳಿಗೆ ಮೊದಲು ಮುಟ್ಟಿದ್ದು ಸಾಫ್ಟ್‌ವೇರಿನಿಂದಲ್ಲ.

◆ ಅಂಚೆಚೀಟಿ ಸಂಗ್ರಹಿಸುವವರಿಗೆ: ಭಾರತದ ಚೀಟಿಗಳ ಮೇಲೆ 1900ರಲ್ಲಿ ಚೀನಾಕ್ಕೆ ಹೋದ ಪಡೆಗಾಗಿ ಸಿ.ಇ.ಎಫ್., 1914ರಲ್ಲಿ ಯುದ್ಧಕ್ಕೆ ಹೊರಟ ಪಡೆಗಳಿಗಾಗಿ ಐ.ಇ.ಎಫ್. ಎಂದು ಮೇಲ್ಮುದ್ರಣ ಮಾಡಿದ್ದರು. 1953ರಲ್ಲಿ ಕೊರಿಯಾಕ್ಕೆ ಹೋದ ನಮ್ಮ ಕಾವಲುಪಡೆಗೂ ಮೇಲ್ಮುದ್ರಣದ ಚೀಟಿ ಬಂತು, ಈ ಸಲ ದೇವನಾಗರಿಯಲ್ಲಿ. ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧಕೈದಿಗಳನ್ನು ಕಾಯುವುದು ಆ ಪಡೆಯ ಕೆಲಸ. ಅವರ ಭವಿಷ್ಯ ನೋಡಿಕೊಂಡ ಅಂತರರಾಷ್ಟ್ರೀಯ ಆಯೋಗದ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ.

◆ ಕಾರ್ಗಿಲ್ ಯುದ್ಧದ ಕ್ಯಾಪ್ಟನ್ ವಿಜಯಂತ್ ಥಾಪರ್, 2 ರಜಪುತಾನಾ ರೈಫಲ್ಸ್, ವಯಸ್ಸು 22. ಮನೆಗೆ ಬರೆದಿಟ್ಟ ಕೊನೆಯ ಕಾಗದದ ಶೌರ್ಯದ ಸಾಲುಗಳು ಎಲ್ಲೆಡೆ ಓಡಾಡುತ್ತವೆ. ಅದರಲ್ಲಿದ್ದ ಕೆಲಸದ ಪಟ್ಟಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಸಾಧ್ಯವಾದರೆ ನನ್ನ ಅಂಗಾಂಗ ದಾನಮಾಡಿ, ನಾವು ಹೋರಾಡಿದ ಜಾಗ ನೋಡಿಬನ್ನಿ, ಅನಾಥಾಶ್ರಮಕ್ಕೆ ಹಣ ಕೊಡಿ, ಕಾಶ್ಮೀರದಲ್ಲಿ ನಾನು ನೆರವಾಗುತ್ತಿದ್ದ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ತಪ್ಪಿಸಬೇಡಿ. 1999ರ ಜೂನ್ 29ರಂದು ಆತ ಸತ್ತ. ತಂದೆ ಕರ್ನಲ್ ಥಾಪರ್ ಪರ್ವತ ಹತ್ತಿ ಆ ಜಾಗಕ್ಕೆ ಹೋಗಿಬಂದರು.

◆ ಇನ್ನು ವಿಳಾಸ. 56 ಎಪಿಒ ಎಂಬ ಊರು ಎಲ್ಲೂ ಇಲ್ಲ. ಸಿಯಾಚಿನ್‌ನಲ್ಲಿರಲಿ, ರಾಜಸ್ಥಾನದ ಮರಳಿನಲ್ಲಿರಲಿ, ಸೈನಿಕನ ಮನೆಯವರು ಬರೆಯುವುದು ಹೆಸರು, ನಂಬರು, ಯೂನಿಟ್ಟು, ಕೇರಾಫ್ 56 ಎಪಿಒ. ಪೂರ್ವದ ಕಡೆಯಾದರೆ 99 ಎಪಿಒ. ಕಾಗದ ದೆಹಲಿಗೋ ಕೋಲ್ಕತ್ತಾಕ್ಕೋ ಹೋಗಿ, ಯೂನಿಟ್ ಆ ಹೊತ್ತಿಗೆ ಎಲ್ಲಿದೆಯೆಂದು ಬಲ್ಲ ಸೇನಾ ಅಂಚೆಯವರ ಕೈಯಿಂದ ಮುಂದೆ ಸಾಗುತ್ತದೆ. ಈ ಸೇನಾ ಅಂಚೆ ಸೇವೆ ಪ್ರತ್ಯೇಕ ಕೋರ್ ಆದದ್ದು 1972ರ ಮಾರ್ಚ್ 1ರಂದು. ಅದೇ ವರ್ಷದ ಆಗಸ್ಟ್ 15ಕ್ಕೆ ದೇಶಕ್ಕೆ ಪಿನ್‌ಕೋಡ್ ಬಂತು. ಕರ್ನಾಟಕದ ಪಿನ್‌ಗಳು 5ರಿಂದ ಶುರುವಾಗುತ್ತವೆ. 9ರಿಂದ ಶುರುವಾಗುವ ಪಿನ್ ಕಂಡರೆ ಅದನ್ನು ಭೂಪಟದಲ್ಲಿ ಹುಡುಕಬೇಡಿ, ಆ ಅಂಕಿ ಸೇನೆಯ ಟಪಾಲಿಗೇ ಮೀಸಲು.